ಕಲ್ಲುಪೀಠದ ಬಿಸುಪು

ಸ್ಕಾಟರ ನಾಡಿನ ಉತ್ತರದ ಬೆಟ್ಟಗಳನ್ನು ದಾಟಿ, ಕುರಿಗಳೂ ದಾರಿ ತಪ್ಪುವ ಮಂಜನ್ನು ದಾಟಿ ಹೋದರೆ ಒಂದು ರಾಜ್ಯ ಸಿಗುತ್ತಿತ್ತು. ಈಗ ಸಿಗುವುದಿಲ್ಲ. ಅಲ್ಲಿ ವರ್ಷವಿಡೀ ಚಳಿ. ಬೇಸಿಗೆ ಎಂಬುದು ದೂರದ ನೆಂಟರ ಹಾಗೆ ಬಂದು, ಕೂತ ಹಾಗೆ ಮಾಡಿ, ಎದ್ದು ಹೋಗುತ್ತಿತ್ತು. ಜನ ಜವುಗು ಮಣ್ಣಿನ ಹೆಂಟೆಗಳನ್ನು ಒಣಗಿಸಿ ಒಲೆಗೆ ಹಾಕುತ್ತಿದ್ದರು, ಚೌಕಳಿ ಉಣ್ಣೆಯ ಕಂಬಳಿ ಹೊದೆಯುತ್ತಿದ್ದರು, ಗಂಜಿ ಕುಡಿಯುತ್ತಿದ್ದರು, ಒಬ್ಬರಿಗೊಬ್ಬರು ಅಂಟಿಕೊಂಡು ಮಲಗುತ್ತಿದ್ದರು.

ಅಲ್ಲಿನ ರಾಜ ಕೂರುತ್ತಿದ್ದದ್ದು ಕಪ್ಪು ಕಲ್ಲಿನ ಪೀಠದ ಮೇಲೆ. ಆ ಕಲ್ಲನ್ನು ಯಾರೂ ಕಡೆದು ತಂದದ್ದಲ್ಲ. ಅದು ಮೊದಲಿಂದಲೂ ಅಲ್ಲೇ ಇತ್ತು, ಅದರ ಸುತ್ತ ಅರಮನೆ ಕಟ್ಟಿದ್ದರು. ಪೀಠ ತಣ್ಣಗಿದ್ದರೆ ರಾಜನ ಎದೆ ತಣ್ಣಗಾಗುತ್ತದೆ, ರಾಜನ ಎದೆ ತಣ್ಣಗಾದರೆ ಅವನ ನ್ಯಾಯ ತಣ್ಣಗಾಗುತ್ತದೆ, ನ್ಯಾಯ ತಣ್ಣಗಾದರೆ ಕುರಿ ಹಸು ಮಕ್ಕಳು ಎಲ್ಲ ಹೆಪ್ಪುಗಟ್ಟಿ ಸಾಯುತ್ತಾರೆ ಎಂದು ಅಲ್ಲಿನವರು ನಂಬಿದ್ದರು. ಆ ಪೀಠವನ್ನು ಬೆಂಕಿಯಿಂದ ಕಾಯಿಸುವಂತಿರಲಿಲ್ಲ, ಕಲ್ಲಿಗೆ ಮನುಷ್ಯನ ಬಿಸುಪೇ ಬೇಕಿತ್ತು. ಅದನ್ನು ಕೊಡುವುದಕ್ಕೆಂದೇ ಒಂದು ಮನೆತನವಿತ್ತು.

ಆ ಮನೆತನದ ಯಜಮಾನನನ್ನು ಪೀಠದ ಸರದಾರ ಎಂದು ಕರೆಯುತ್ತಿದ್ದರು. ಅರಮನೆ ಗುಡ್ಡದ ಬುಡದಲ್ಲಿ, ಕೊಳದ ದಡದಲ್ಲಿ ಅವನ ಕಲ್ಲಿನ ಮನೆ. ಬೆಳಗಾದ ಕೂಡಲೇ ಅವನು ಗುಡ್ಡ ಹತ್ತುತ್ತಿದ್ದ. ಸಭಾಂಗಣದಲ್ಲಿ ಕಂಬಳಿ ತೆಗೆದಿಟ್ಟು, ಕೈಗವಸು ಕಳಚಿ, ಪೀಠದ ಮೇಲೆ ಕೂತು, ಬರಿಯ ಅಂಗೈಗಳನ್ನು ಕಲ್ಲಿನ ಮೇಲೆ ಊರುತ್ತಿದ್ದ. ಮೂಲೆಯಲ್ಲಿ ಒಬ್ಬ ವಾದ್ಯದವನು ಚರ್ಮದ ಚೀಲಕ್ಕೆ ಗಾಳಿ ತುಂಬಿ ಒಂದೇ ಒಂದು ರಾಗ ನುಡಿಸುತ್ತಿದ್ದ. ಆ ರಾಗ ಮುಗಿಯುವವರೆಗೆ ಸರದಾರ ಅಲ್ಲಾಡುವಂತಿಲ್ಲ. ಮುಗಿದ ಮೇಲೆ ಎದ್ದು, ಕೈಗವಸು ಹಾಕಿಕೊಂಡು, ಬಾಗಿ, "ಬಿಸುಪು ಇಟ್ಟಿದ್ದೇನೆ, ಪ್ರಭು" ಎನ್ನಬೇಕು. ರಾಜ ಬಂದು ಕೂತು, "ತಲುಪಿತು" ಎನ್ನಬೇಕು. ಆಮೇಲೆಯೇ ಆ ರಾಜ್ಯದಲ್ಲಿ ಬಾಗಿಲುಗಳು ತೆರೆಯುತ್ತಿದ್ದವು, ಕುರಿಗಳು ಮೇಯಲು ಹೋಗುತ್ತಿದ್ದವು, ಹೆಂಗಸರು ಒಲೆ ಕೆದಕುತ್ತಿದ್ದರು.

ಇಷ್ಟೇ ಆಗಿದ್ದರೆ ಇದೊಂದು ಚೆಂದದ ಪದ್ಧತಿ ಎಂದು ನಾನೂ ಸುಮ್ಮನಿರುತ್ತಿದ್ದೆ. ಆದರೆ ಅದಕ್ಕೊಂದು ಕಟ್ಟಳೆಯಿತ್ತು. ಪೀಠದ ಸರದಾರ ಆಣೆ ಮಾಡಿದ ದಿನದಿಂದ ಅವನ ಮೈಯ ಬಿಸುಪೆಲ್ಲ ರಾಜನದು. ಅವನು ಬರಿಗೈಯಲ್ಲಿ ಯಾರನ್ನೂ ಮುಟ್ಟುವಂತಿಲ್ಲ. ಮುಟ್ಟಿದರೆ ಬಿಸುಪು ಅವರಿಗೆ ಸೋರಿಹೋಗುತ್ತದೆ, ಮರುದಿನ ಕಲ್ಲಿಗೆ ಕಡಿಮೆ ಬೀಳುತ್ತದೆ. ಹೆಂಡತಿ ಬೇರೆ ಕೋಣೆಯಲ್ಲಿ ಮಲಗಬೇಕು. ಮಗು ಅತ್ತರೆ ಬೇರೆ ಯಾರಾದರೂ ಎತ್ತಿಕೊಳ್ಳಬೇಕು. ಅವನು ಕೈಗವಸು ಹಾಕಿಕೊಂಡೇ ಉಣ್ಣಬೇಕು, ಮಲಗಬೇಕು, ನಗಬೇಕು.

ಆ ಮನೆತನದ ಮೇಲೆ ನನಗೆ ಸಿಟ್ಟೂ ಇದೆ, ಮರುಕವೂ ಇದೆ. ಮರುಕವೇ ಹೆಚ್ಚು.

ಆಣೆ ಮಾಡುವ ದಿನಕ್ಕೂ ಒಂದು ಶಾಸ್ತ್ರವಿತ್ತು. ಅರಮನೆಯ ಕುದುರೆ ಮನೆಯ ಬಾಗಿಲಿಗೆ ಬಂದು ನಿಂತಾಗ ಮನೆಮಂದಿಯೆಲ್ಲ ಸಾಲಾಗಿ ಬಂದು, ಹೊಸ ಸರದಾರನಾಗುವವನ ಬರಿಗೈಯನ್ನು ಒಂದು ಸಲ ಹಿಡಿದು ಬಿಡುತ್ತಿದ್ದರು. ಕುರುಬ, ಅಡುಗೆಯವಳು, ಅಣ್ಣ ತಮ್ಮ, ಹೆಂಡತಿ, ಕೊನೆಗೆ ಹಳೆಯ ಸರದಾರ. ಅದಕ್ಕೆ ಕೈಬಿಡುವ ಶಾಸ್ತ್ರ ಎಂದು ಹೆಸರು. ನಾನು ಹೇಳುತ್ತಿರುವ ಸರದಾರ ಆಣೆಗೆ ಹೊರಟಾಗ ಅವನ ಹೆಂಡತಿ ಅವನ ಕೈಯನ್ನು ಹಿಡಿದವಳು ಬಿಡಲೇ ಇಲ್ಲ. ಅಡುಗೆಯವಳು ಬಂದು ಬೆರಳು ಬಿಡಿಸಬೇಕಾಯಿತು. ತೊಟ್ಟಿಲಲ್ಲಿ ನಿದ್ದೆ ಹೋಗಿದ್ದ ಮಗಳ ಅಂಗಾಲನ್ನು ಅವನು ಒಂದು ಬೆರಳಿಂದ ಸವರಿ, ಹೊರಗೆ ಬಂದು, ಕುದುರೆ ಹತ್ತಿದ.

ಅಂದಿನಿಂದ ಅವನು ಒಂದು ದಿನವೂ ತಪ್ಪಲಿಲ್ಲ.

ಪೀಠದ ಮೇಲೆ ಕೂತಾಗ ಏನಾಗುತ್ತದೆ ಎಂದು ಅವನ ತಂದೆ ಅವನಿಗೆ ಹೇಳಿಕೊಟ್ಟಿದ್ದ. ಮೊದಲು ತೊಡೆ ತಣ್ಣಗಾಗುತ್ತದೆ, ಆಮೇಲೆ ಬೆನ್ನು, ಆಮೇಲೆ ಅಂಗೈ. ನಿನ್ನ ಮೈ ತಣ್ಣಗಾಯಿತು ಅಂದರೆ ನಿನ್ನ ಬಿಸುಪು ಕಲ್ಲಿಗೆ ಇಳಿಯಿತು ಅಂತ ತಿಳಿದುಕೊ. ತಂದೆಗೆ ಅವನ ತಂದೆ ಹೇಳಿದ್ದೂ ಅದನ್ನೇ. ಅದನ್ನು ನಂಬಿ ಸರದಾರ ಪ್ರತಿದಿನ ನಡುಗುತ್ತಾ ಎದ್ದು, ಹಲ್ಲು ಕಡಿಯುತ್ತಾ ಬಾಗಿ, ಸಂತೋಷಪಡುತ್ತಿದ್ದ. ಹೆಚ್ಚು ನಡುಗಿದ ದಿನ ಹೆಚ್ಚು ಕೊಟ್ಟೆ ಎಂದು ಅವನ ಎದೆ ಉಬ್ಬುತ್ತಿತ್ತು. ಎದ್ದ ಮೇಲೆ ಕಲ್ಲನ್ನು ಮತ್ತೆ ಮುಟ್ಟಿ ನೋಡುವುದು ನಿಷಿದ್ಧ. ಕೊಟ್ಟದ್ದನ್ನು ಮುಟ್ಟಿ ನೋಡುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ಆ ಮನೆಯವರೇ ಮಾಡಿಕೊಂಡಿದ್ದ ನಿಯಮ ಅದು.

ಅವನ ಹೆಂಡತಿ ವರ್ಷಕ್ಕೊಂದು ಜೊತೆ ಕೈಗವಸು ಹೆಣೆಯುತ್ತಿದ್ದಳು. ಕುರಿಯ ಕತ್ತಿನ ಮೃದು ಉಣ್ಣೆಯನ್ನೇ ಆರಿಸಿ ತಂದು, ತಾನೇ ನೂತು, ಕಿಟಕಿಯ ಪಕ್ಕ ಕೂತು ಹೆಣೆಯುತ್ತಿದ್ದಳು. ಹೆಣೆದು ಮುಗಿದ ಮೇಲೆ ಒಂದು ದಿನ ಅವನ್ನು ತಾನೇ ಹಾಕಿಕೊಂಡು ಓಡಾಡುತ್ತಿದ್ದಳು, ಆಮೇಲೆ ಅವನ ಕೋಣೆಯ ಹೊಸ್ತಿಲ ಮೇಲೆ ಇಡುತ್ತಿದ್ದಳು. ಅವಳು ಹಾಗೇಕೆ ಮಾಡುತ್ತಾಳೆ ಎಂದು ಅವನು ಕೇಳಲಿಲ್ಲ. ಅವನಿಗೆ ಗೊತ್ತಿತ್ತು.

ಮಗಳು ಬೆಳೆದಳು. ಊರಲ್ಲಿ ಎಲ್ಲಿ ಹೋದರೂ ಜನ ಎದ್ದು ನಿಂತು, "ಪೀಠದ ಮನೆ ಮಗಳು" ಎಂದು ದಾರಿ ಬಿಡುತ್ತಿದ್ದರು. ಆ ಮಾತು ಅವಳ ತಲೆಗೇರಿತು ಎಂದರೆ ತಪ್ಪಾಗುತ್ತದೆ, ಎದೆಗೇ ಇಳಿಯಿತು. ತಾನೇ ಮುಂದಿನ ಸರದಾರ ಆಗಬೇಕು ಎಂದು ಅವಳು ಚಿಕ್ಕಂದಿನಲ್ಲೇ ನಿಶ್ಚಯಿಸಿದಳು. ಆಟದಲ್ಲಿ ಬೇರೆ ಹುಡುಗಿಯರು ಕೈ ಹಿಡಿದು ಸುತ್ತುವಾಗ ಅವಳು ಹಿಂದೆ ಸರಿಯುತ್ತಿದ್ದಳು. ತಾಯಿ ತಲೆ ಬಾಚಲು ಬಂದರೆ, "ಬೇಡಮ್ಮಾ, ನಾನೇ ಬಾಚ್ಕೊತೀನಿ" ಎನ್ನುತ್ತಿದ್ದಳು.

"ಯಾಕೇ? ನಾನೇನು ಮುಳ್ಳಾ?" ಎಂದು ತಾಯಿ ಕೇಳಿದಳು.

"ಈಗಿಂದ್ಲೇ ಉಳಿಸಿಟ್ಕೋಬೇಕಮ್ಮಾ. ದೊಡ್ಡವಳಾದ್ಮೇಲೆ ಉಳಿಸ್ತೀನಿ ಅಂದ್ರೆ ಅಷ್ಟು ಹೊತ್ತಿಗೆ ಎಲ್ಲಾ ಖಾಲಿಯಾಗಿರತ್ತೆ."

ತಾಯಿಗೆ ನಗು ಬಂತು, ಆಮೇಲೆ ಅಳು ಬಂತು. ತನಗೂ ಕೈಗವಸು ಹೆಣೆದುಕೊಡು ಎಂದು ಮಗಳು ಗಂಟುಬಿದ್ದಾಗ ಅವಳು ಒಪ್ಪಲಿಲ್ಲ. "ನಿಮ್ಮಪ್ಪನ ಕೈಗೆ ಹೆಣೆದದ್ದೇ ನಂಗೆ ಸಾಕಾಗಿದೆ" ಎಂದಳು. ಮಗಳು ತಾನೇ ಹೆಣೆಯಲು ಕಲಿತು, ಸೊಟ್ಟಸೊಟ್ಟಗೆ ಒಂದು ಜೊತೆ ಮಾಡಿಕೊಂಡು ತೊಟ್ಟಳು. ಸರದಾರ ಅದನ್ನು ನೋಡಿ ಮೆಚ್ಚಿ ತಲೆಯಾಡಿಸಿದ. ಆ ತಲೆಯಾಟವನ್ನು ಅವನ ಹೆಂಡತಿ ಕ್ಷಮಿಸಲಿಲ್ಲ.

ಹೀಗೆ ಆ ಮನೆಯಲ್ಲಿ ಇಬ್ಬರು ಉಳಿಸುವವರು, ಒಬ್ಬಳು ಬೇಡುವವಳು.

ಒಂದು ಚಳಿಗಾಲದಲ್ಲಿ ತಾಯಿಗೆ ಕಾಯಿಲೆಯಾಯಿತು. ಎಷ್ಟು ಕಂಬಳಿ ಹೊದಿಸಿದರೂ, ಹಾಸಿಗೆಯ ಪಕ್ಕದಲ್ಲೇ ಒಲೆ ಹೂಡಿದರೂ ಮೈ ಬಿಸಿಯಾಗಲಿಲ್ಲ. ಅಡುಗೆಯವಳು ಅವಳ ಪಾದ ತಿಕ್ಕಿ ತಿಕ್ಕಿ ಸೋತಳು. ಒಂದು ಸಂಜೆ ಅವಳು ಕಣ್ಣು ತೆರೆದು ನೋಡಿದಾಗ ತಲೆದೆಸೆಯಲ್ಲಿ ಸರದಾರ ಇದ್ದ, ಕಾಲ್ದೆಸೆಯಲ್ಲಿ ಮಗಳು ಇದ್ದಳು. ಇಬ್ಬರ ಕೈಗಳೂ ಉಣ್ಣೆಯೊಳಗಿದ್ದವು.

"ಒಂದ್ಸಲ ಕೈ ಕೊಡ್ರೀ" ಎಂದಳು.

ಸರದಾರ ಕೈಗವಸು ಕಳಚಲಿಲ್ಲ. ಅವಳು ಮಗಳ ಕಡೆ ತಿರುಗಿದಳು. "ನೀನಾದ್ರೂ ಕೊಡೇ ಮಗಾ. ನೀನಿನ್ನೂ ಆಣೆ ಮಾಡಿಲ್ವಲ್ಲ."

ಮಗಳು ತಂದೆಯ ಮುಖ ನೋಡಿದಳು. ತಂದೆಯ ಮುಖದಲ್ಲಿ ಬೇಡ ಎಂದೂ ಇರಲಿಲ್ಲ, ಕೊಡು ಎಂದೂ ಇರಲಿಲ್ಲ. ಅವಳು ಕೈಗಳನ್ನು ತಾನು ಹೊದ್ದ ಕಂಬಳಿಯೊಳಕ್ಕೆ ಎಳೆದುಕೊಂಡಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ಕೈ ತೆಗೆಯಲಿಲ್ಲ.

ಕೊನೆಗೆ ಸರದಾರ ಕೈಗವಸು ತೊಟ್ಟ ಕೈಯನ್ನೇ ಹೆಂಡತಿಯ ಕೈಯ ಮೇಲಿಟ್ಟ. ಅವಳು ಬೆರಳಿಂದ ಆ ಉಣ್ಣೆಯನ್ನು ಮೆಲ್ಲಗೆ ತಡವಿದಳು.

"ಇದು ನಾನೇ ಹೆಣೆದದ್ದು. ಇದ್ರ ಬಿಸಿ ನಂಗೆ ಗೊತ್ತು" ಎಂದು ಕೈ ಹಿಂದಕ್ಕೆಳೆದುಕೊಂಡಳು. ಆಮೇಲೆ ಏನೂ ಕೇಳಲಿಲ್ಲ. ಬೆಳಗಾಗುವುದರೊಳಗೆ ಹೋಗಿಬಿಟ್ಟಿದ್ದಳು.

ಅವತ್ತೂ ಸರದಾರ ಗುಡ್ಡ ಹತ್ತಿದ. ಪೀಠದ ಮೇಲೆ ಕೂತ, ಅಂಗೈ ಊರಿದ. ಅವಳಿಗೆ ಕೊಡದೆ ಉಳಿಸಿದ್ದನ್ನೆಲ್ಲ ಕಲ್ಲಿಗೆ ಸುರಿದ. ಎಂದೂ ನಡುಗದಷ್ಟು ನಡುಗಿದ. "ಬಿಸುಪು ಇಟ್ಟಿದ್ದೇನೆ, ಪ್ರಭು" ಎಂದು ಬಾಗಿದ. ರಾಜ ಕೂತು, ಬಹಳ ಹೊತ್ತು ಅವನನ್ನೇ ನೋಡಿ, "ತಲುಪಿತು" ಎಂದ.

ಆ ಒಂದು ಮಾತನ್ನು ಹಿಡಿದುಕೊಂಡು ಅವನು ಮುಂದಿನ ವರ್ಷಗಳನ್ನು ಕಳೆದ. ಅವಳು ಕೇಳಿದ್ದು ರಾಜನಿಗೆ ತಲುಪಿತು, ರಾಜನಿಂದ ರಾಜ್ಯಕ್ಕೆ ತಲುಪಿತು, ಎಷ್ಟೋ ಮನೆಯ ಮಕ್ಕಳು ಆ ಚಳಿಗಾಲದಲ್ಲಿ ಬದುಕಿಕೊಂಡರು. ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಮಗಳಿಗೂ ಹಾಗೆಯೇ ಹೇಳುತ್ತಿದ್ದ. ಅವಳೂ ಅದನ್ನೇ ನಂಬಿ ಬದುಕಿದಳು, ಬೇರೆ ಏನನ್ನು ನಂಬಿ ಬದುಕುತ್ತಾಳೆ?

ಸರದಾರನಿಗೆ ವಯಸ್ಸಾಯಿತು. ಮಗಳು ಆಣೆ ಮಾಡುವ ದಿನ ಗೊತ್ತಾಯಿತು. ಅದರ ಹಿಂದಿನ ಸಂಜೆ ಅವನು ಯಾರಿಗೂ ಹೇಳದೆ ಅರಮನೆಗೆ ಹೋದ. ಸಭೆ ಆಗತಾನೇ ಮುಗಿದಿತ್ತು. ರಾಜನೂ ಮುದುಕನಾಗಿದ್ದ, ಒಬ್ಬನೇ ಪೀಠದ ಮೇಲೆ ಕೂತಿದ್ದ.

"ಪ್ರಭು, ನಾನೊಂದು ತಪ್ಪು ಮಾಡಿದೀನಿ" ಎಂದ ಸರದಾರ. "ಈಚೀಚೆಗೆ ನನ್ನ ಮೈಯಲ್ಲಿ ಬಿಸುಪೇ ಇಲ್ಲ. ಅವಳು ಹೋದಾಗಿನಿಂದ ಇಲ್ಲ. ಕೂತರೂ ಕಲ್ಲಿಗೇನೂ ಇಳೀತಿಲ್ಲ ಅನ್ನಿಸ್ತದೆ. ಆದ್ರೂ ಇಟ್ಟಿದೀನಿ ಅಂತ ಸುಳ್ಳು ಹೇಳ್ತಾ ಬಂದೆ. ನಾಳೆ ಮಗಳು ಬರ್ತಾಳೆ. ಅವಳ ಹತ್ರ ಬೇಕಾದಷ್ಟಿದೆ. ನನ್ನನ್ನ ಏನು ಬೇಕಾದ್ರೂ ಮಾಡಿ."

ರಾಜ ಎದ್ದು ನಿಂತ. "ಬಾ, ಕೂತ್ಕೋ" ಎಂದು ಪೀಠ ತೋರಿಸಿದ.

"ಸಂಜೆ ಕೂರೋ ಹಾಗಿಲ್ಲ ಪ್ರಭು."

"ರಾಜ ಹೇಳ್ತಿದೀನಿ, ಕೂತ್ಕೋ. ಬೆಳಗಿಂದ ಇಷ್ಟು ಹೊತ್ತು ನಾನು ಕೂತಿದ್ದ ಜಾಗ ಅದು."

ಸರದಾರ ಕೈಗವಸು ತೆಗೆದು ಕೂತ. ಅಂಗೈ ಊರಿದ. ಒಬ್ಬ ಮನುಷ್ಯ ಇಡೀ ದಿನ ಕೂತು ಈಗಷ್ಟೇ ಎದ್ದ ಪೀಠ ಹೇಗಿರಬೇಕೋ ಹಾಗಿರಲಿಲ್ಲ ಅದು. ಯಾರೂ ಎಂದೂ ಕೂತೇ ಇರಲಿಲ್ಲವೇನೋ ಎಂಬಷ್ಟು ತಣ್ಣಗಿತ್ತು.

"ಈ ಕಲ್ಲು ಬಿಸಿ ಆಗೋದಿಲ್ಲ" ಎಂದ ರಾಜ. "ನಿನ್ನಿಂದಲೂ ಆಗಲಿಲ್ಲ, ನಿಮ್ಮಪ್ಪನಿಂದಲೂ ಆಗಲಿಲ್ಲ. ನನಗೆ ಪಟ್ಟ ಕಟ್ಟೋ ಮುಂಚೆ ನಮ್ಮಪ್ಪ ಕಿವಿಯಲ್ಲಿ ಹೇಳಿದ, ಪೀಠ ಯಾವಾಗ್ಲೂ ತಣ್ಣಗಿರತ್ತೆ, ನೀನು ಮಾತ್ರ ತಲುಪಿತು ಅನ್ನು ಅಂತ. ಯಾಕೆ ಅಂದೆ. ಆ ಮನೆಯವರು ಅಷ್ಟೆಲ್ಲ ಬಿಟ್ಟು ಬಂದು ಕೂರ್ತಾರಲ್ಲಪ್ಪಾ, ಹೇಗೆ ಹೇಳೋದು ಅಂದ."

"ಹಾಗಾದ್ರೆ ರಾಜ್ಯ? ಕುರಿ, ಹಸು, ಮಕ್ಕಳು?"

"ತಣ್ಣನೆ ಕಲ್ಲಿನ ಮೇಲೆ ಕೂತೇ ನ್ಯಾಯ ಹೇಳ್ತಾ ಬಂದಿದೀವಿ. ಯಾರೂ ಹೆಪ್ಪುಗಟ್ಟಲಿಲ್ಲ. ನನಗೆ ಸೊಂಟ ಹಿಡ್ಕೊಂಡಿದೆ, ಅಷ್ಟೇ."

ಸರದಾರ ಕಲ್ಲಿನ ಮೇಲಿಂದ ಕೈ ತೆಗೆಯುವುದನ್ನೂ ಮರೆತು ಕೂತಿದ್ದ. ಹಾಗೆಯೇ ಕೇಳಿದ.

"ಅವಳು ತೀರಿಕೊಂಡ ದಿನ ಬಂದಿದ್ದೆನಲ್ಲ. ಅವತ್ತಾದ್ರೂ ಯಾಕೆ ಹೇಳಲಿಲ್ಲ, ಪ್ರಭು?"

"ಅವತ್ತು ಹೇಳಿದ್ರೆ ನೀನು ಬದುಕ್ತಿದ್ದೆಯಾ?"

ರಾಜ ಸರದಾರನ ಹೆಗಲ ಮೇಲೆ ಕೈಯಿಡಲು ಮುಂದೆ ಬಂದ, ಅಭ್ಯಾಸವಿಲ್ಲದ್ದರಿಂದ ಅರ್ಧಕ್ಕೇ ನಿಲ್ಲಿಸಿದ. "ನಿನ್ನ ಮಗಳಿಗೆ ಹೇಳೋದಾದ್ರೆ ಹೇಳು, ನಾನು ತಡೆಯೋದಿಲ್ಲ. ಆದ್ರೆ ಅದರ ಜೊತೆಗೆ ಇನ್ನೇನು ಹೇಳ್ತೀಯ ಅನ್ನೋದನ್ನೂ ಯೋಚನೆ ಮಾಡು. ಸುಮ್ಮನಿದ್ದರೆ ನಾಳೆ ಬೆಳಿಗ್ಗೆ ನಾನು ಅವಳಿಗೂ ತಲುಪಿತು ಅಂತೀನಿ. ಅವಳು ಸಂತೋಷವಾಗಿ ಬದುಕ್ತಾಳೆ."

ಗುಡ್ಡ ಇಳಿಯುವಾಗ ಸರದಾರನಿಗೆ ರಾಜನ ಮಾತಿನ ಅರ್ಥ ಪೂರ್ತಿಯಾಗಿ ತಿಳಿಯಿತು. ಸುಮ್ಮನಿದ್ದರೆ ಮಗಳು ತನ್ನ ಹಾಗೆಯೇ ತಣ್ಣನೆಯ ಕಲ್ಲಿನ ಮೇಲೆ ಕೂತು, ಯಾರ ಕೈಯನ್ನೂ ಹಿಡಿಯದೆ, ತಲೆಯೆತ್ತಿ ಬಾಳಿ ಸಾಯುತ್ತಾಳೆ. ಹೇಳಿದರೆ ಅವಳಿಗೆ ಲೋಕವೆಲ್ಲ ಮುಟ್ಟಲು ಸಿಗುತ್ತದೆ. ಜೊತೆಗೆ ತಾಯಿಯ ಹಾಸಿಗೆಯೂ ಸಿಗುತ್ತದೆ. ಕಂಬಳಿಯೊಳಗೆ ಎಳೆದುಕೊಂಡ ಕೈಗಳೂ ಸಿಗುತ್ತವೆ. ಅವನಂತೂ ಹೇಗೂ ಮುದುಕ, ಸ್ವಲ್ಪ ದಿನ ಹೊತ್ತುಕೊಂಡಿದ್ದು ಹೋಗಿಬಿಡುತ್ತಾನೆ. ಅವಳು ಬದುಕಿಡೀ ಹೊರಬೇಕು. ಯಾವ ತಂದೆಗೂ ಇಂಥ ಆಯ್ಕೆ ಬರಬಾರದು.

ಬೆಳಿಗ್ಗೆ ಅರಮನೆಯ ಕುದುರೆ ಬಂದು ಬಾಗಿಲಲ್ಲಿ ನಿಂತಿತು. ಅದರ ಜೀನಿನ ಮೇಲೆ ಕೆಂಪು ಬಟ್ಟೆ ಹೊದಿಸಿದ್ದರು. ಅಂಗಳದಲ್ಲಿ ಮನೆಮಂದಿ ಸಾಲಾಗಿ ನಿಂತರು. ಮಗಳು ಬಿಳಿಯ ಬಟ್ಟೆಯುಟ್ಟು ಹೊರಗೆ ಬಂದು, ತನ್ನ ಕೈಗವಸುಗಳನ್ನು ಕಳಚಿದಳು. ಬಿಸಿಲು ಕಾಣದ ಅವಳ ಕೈಗಳು ಬೆಳ್ಳಗಿದ್ದವು. ಕುರುಬ ಬಂದು ಹಿಡಿದು ಬಿಟ್ಟ. ಅಡುಗೆಯವಳು ಹಿಡಿದು, ಕಣ್ಣಿಗೊತ್ತಿಕೊಂಡು ಬಿಟ್ಟಳು. ಮಗಳು ಎಲ್ಲರಿಗೂ ಬೆರಳ ತುದಿಗಳನ್ನಷ್ಟೇ ಕೊಡುತ್ತಿದ್ದಳು, ಬೇಗ ಬೇಗ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ಕಡೆಯ ದಿನವೂ ಉಳಿಸುತ್ತಿದ್ದಳು.

ಕೊನೆಗೆ ಸರದಾರನ ಸರದಿ ಬಂತು. ಅವನು ಅವಳ ಎದುರು ನಿಂತ.

"ಆಶೀರ್ವಾದ ಮಾಡಿ ಅಪ್ಪಾ. ನಿಮ್ಮಷ್ಟು ನನ್ನಿಂದ ಆಗತ್ತೋ ಇಲ್ವೋ" ಎಂದಳು ಮಗಳು.

"ಆ ಕಲ್ಲು ಬಿಸಿ ಆಗೋದಿಲ್ಲಮ್ಮಾ" ಎಂದ ಸರದಾರ.

"ಏನಂದ್ರಿ?"

"ನಿನ್ನೆ ಸಂಜೆ ರಾಜರೇ ಕೂರಿಸಿ ತೋರಿಸಿದ್ರು. ಅದು ಯಾವತ್ತೂ ಬಿಸಿ ಆಗಿಲ್ಲ. ನನ್ನದೂ ತಲುಪಲಿಲ್ಲ, ತಾತನದೂ ತಲುಪಲಿಲ್ಲ. ನಮಗೆ ನೋವಾಗಬಾರದು ಅಂತ ರಾಜರು ಹೇಳ್ತಾ ಬಂದ ಮಾತು ಅದು. ನೀನು ಹೋಗಬೇಡ."

ಮಗಳ ಮುಖದಲ್ಲಿ ಮೊದಲು ನಗು ಬಂತು, ಮುದುಕನಿಗೆ ಅಧಿಕಾರ ಬಿಡಲು ಮನಸ್ಸಿಲ್ಲ ಎಂಬಂಥ ನಗು. ಆಮೇಲೆ ಅವಳು ಅವನ ಕಣ್ಣು ನೋಡಿದಳು. ನಗು ನಿಂತಿತು. ಅವಳು ಏನನ್ನು ಯೋಚಿಸುತ್ತಿದ್ದಾಳೆ ಎಂದು ಸರದಾರನಿಗೆ ತಿಳಿಯಿತು. ತಿಳಿದೇ ನಿಂತಿದ್ದ.

"ಹಾಗಾದ್ರೆ ಅಮ್ಮ ಕೈ ಕೇಳಿದ್ಲಲ್ಲ ಅವತ್ತು..."

"ಕೊಡಬಹುದಿತ್ತು."

"ನೀವು?"

"ನಾನೂ ಕೊಡಬಹುದಿತ್ತು. ನೀನೂ ಕೊಡಬಹುದಿತ್ತು. ಏನೂ ಕಡಿಮೆ ಆಗ್ತಿರಲಿಲ್ಲಮ್ಮಾ. ನಿಂಗೆ ಬೇಡ ಅಂತ ನಾನು ಹೇಳಲಿಲ್ಲ, ಕೊಡು ಅಂತಲೂ ಹೇಳಲಿಲ್ಲ. ನೀನು ನನ್ನ ಮುಖ ನೋಡಿದೆ. ಆ ತಪ್ಪು ನಂದು."

ಮಗಳ ಬಾಯಿಂದ ಒಂದು ಶಬ್ದ ಬಂತು. ಅದು ಮಾತಾಗಿರಲಿಲ್ಲ. ಅವಳು ಮುಷ್ಟಿ ಕಟ್ಟಿ ತಂದೆಯ ಎದೆಗೆ ಹೊಡೆದಳು. ಮತ್ತೆ ಹೊಡೆದಳು. ಭುಜಕ್ಕೆ, ಕುತ್ತಿಗೆಗೆ, ಮುಖಕ್ಕೆ, ಎಲ್ಲಿ ತಾಗಿದರೆ ಅಲ್ಲಿಗೆ ಹೊಡೆದಳು. "ಯಾಕೆ ಹೇಳಿದ್ರಿ? ಯಾಕಪ್ಪಾ ಹೇಳಿದ್ರಿ ನಂಗೆ?" ಎಂದು ಕೂಗುತ್ತಾ ಹೊಡೆದಳು. ಅಡುಗೆಯವಳು ಓಡಿಬಂದು ಅವಳ ತೋಳು ಹಿಡಿಯಲು ಹೋದಳು.

"ಬಿಡು, ಹೊಡೀಲಿ" ಎಂದ ಸರದಾರ.

ಕೆಂಪು ಬಟ್ಟೆಯ ಕುದುರೆ ಗದ್ದಲಕ್ಕೆ ಬೆದರಿ ತಲೆ ಕೊಡವಿತು. ಅದನ್ನು ತಂದಿದ್ದ ಅರಮನೆಯ ಆಳು ಸ್ವಲ್ಪ ಹೊತ್ತು ಕಾದು ನೋಡಿ, ಲಗಾಮು ಹಿಡಿದು ಅದನ್ನು ಗುಡ್ಡದ ಕಡೆಗೆ ಬರಿದೇ ತಿರುಗಿಸಿಕೊಂಡು ಹೋದ. ಸರದಾರ ಕಾಲೂರಿ ನಿಂತೇ ಇದ್ದ. ಅವಳ ಒಂದೊಂದು ಏಟೂ ಅವನ ಮೈಗೆ ಸುಡುತ್ತಿತ್ತು. ತೊಟ್ಟಿಲ ದಿನದಿಂದ ಇಲ್ಲಿಯವರೆಗೆ ಅವಳ ಕೈ ಇಷ್ಟು ಬಿಸಿ ಇರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.